"ಮಲಗಲಿ ಬಿಡೋ, ಬೆಳಗ್ಗೆ ಸರಿಹೋಗ್ತಾನೆ"

ಅಕ್ಕನ ಮಗ ಈಗ ಸೆಕೆಂಡ್ ಪಿಯುಸಿ. ಸೆಂಡಾಫ್ ಹತ್ತಿರ ಬಂತು. ಅದು ಮುಗಿದ ಮೇಲೆ ಹುಡುಗರೆಲ್ಲ ಯಾರದೋ ತೋಟದ ಮನೆಯಲ್ಲಿ ಉಳಿಯುತ್ತಾರಂತೆ. "ಸುಮ್ನೆ ಊಟ, ಆಟ ಅಷ್ಟೇ ಮಾಮ" ಅಂದ. ಮುಖ ನೋಡಿದೆ. 2006ರಲ್ಲಿ ನಾನೂ ನಮ್ಮಪ್ಪನ ಮುಂದೆ ಇದೇ ಮುಖ ಮಾಡಿಕೊಂಡು ಇದನ್ನೇ ಹೇಳಿದ್ದೆ.

ನಮ್ಮದೂ ತೋಟದ ಮನೆಯೇ, ತಿಪಟೂರಿನ ಕಡೆ. ಏಳು ಜನ ಹುಡುಗರು, ಒಬ್ಬನಿಗೂ ಹದಿನೆಂಟು ತುಂಬಿರಲಿಲ್ಲ. ನಮ್ಮಲ್ಲಿ ಮೀಸೆ ಬಂದಿದ್ದವನನ್ನು ವೈನ್ ಶಾಪಿಗೆ ಕಳಿಸಿದೆವು. ಅಂಗಡಿಯವರು ವಯಸ್ಸು ಕೇಳುವುದಿರಲಿ, ಪ್ಲಾಸ್ಟಿಕ್ ಲೋಟ ಬೇಕಾ ಅಂತ ಕೇಳಿದರಂತೆ.

ನಮ್ಮಲ್ಲೊಬ್ಬ ಪೀಚಲು ಹುಡುಗ ಇದ್ದ, ಐವತ್ತು ಕೆಜಿಯೂ ಇರಲಿಲ್ಲ. ಅದಕ್ಕೂ ಮುಂಚೆ ಎಣ್ಣೆ ಮುಟ್ಟಿದವನಲ್ಲ. ಮೊದಲು ಒಂದು ಸ್ಟ್ರಾಂಗ್ ಬೀರ್ ಕುಡಿದ, "ಏನೂ ಆಗ್ತಿಲ್ವಲ್ಲೋ" ಅಂದ, ಆಮೇಲೆ ಯಾರೋ ಬೆಟ್ ಕಟ್ಟಿದರು ಅಂತ ಒಂದು ಕ್ವಾರ್ಟರನ್ನು ನೀರೂ ಬೆರೆಸದೆ ಗಟಗಟ ಇಳಿಸಿಬಿಟ್ಟ. ಸ್ವಲ್ಪ ಹೊತ್ತು ನಕ್ಕ. ಆಮೇಲೆ ಅತ್ತ. ಆಮೇಲೆ ಜಗಲಿಯ ಮೇಲೆ ಬಿದ್ದ.

"ಮಲಗಲಿ ಬಿಡೋ, ಬೆಳಗ್ಗೆ ಸರಿಹೋಗ್ತಾನೆ" ಅಂದವನು ನಾನೇ.

ಚಾಪೆಯ ಮೇಲೆ ಅಂಗಾತ ಮಲಗಿಸಿದೆವು. ಯಾರೋ ಮಜ್ಜಿಗೆಗೆ ನಿಂಬೆಹಣ್ಣು ಹಿಂಡಿ ಬಾಯಿಗೆ ಹುಯ್ದರು. ಅದು ಒಳಗೆ ಹೋಗಲೇ ಇಲ್ಲ, ಕೆನ್ನೆ ಮೇಲೆ ಹರಿದು ಕಿವಿಯೊಳಗೆ ಹೋಯಿತು. ಒಂದು ನಿಂಬೆ ಬೀಜ ಗಲ್ಲಕ್ಕೆ ಅಂಟಿಕೊಂಡಿತ್ತು. ನನಗೆ ಇವತ್ತಿಗೂ ಕಣ್ಣಮುಂದೆ ಬರುವುದು ಆ ಬೀಜವೇ, ಯಾಕೋ ಗೊತ್ತಿಲ್ಲ. ಅವನು ಒಂದು ಸಲ ಉಸಿರೆಳೆದರೆ ಮುಂದಿನದು ಬರುವಷ್ಟರಲ್ಲಿ ನಾವು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು. ಆದರೂ ಒಂದೂವರೆ ಗಂಟೆ ನಮ್ಮ ಚರ್ಚೆ ಏನು ಗೊತ್ತಾ? ಅವರಪ್ಪನಿಗೆ ಹೇಳೋದು ಯಾರು ಅಂತ.

ಗಲಾಟೆ ಕೇಳಿ ತೋಟ ನೋಡಿಕೊಳ್ಳುತ್ತಿದ್ದ ಅಜ್ಜಿ ಬಂದಳು. ಬಂದವಳೇ ಅವನನ್ನು ಒಂದು ಮಗ್ಗುಲಿಗೆ ತಿರುಗಿಸಿದಳು. ಬಾಯಲ್ಲಿದ್ದ ವಾಂತಿಯೆಲ್ಲ ಆಚೆ ಬಂತು. "ನಮ್ ಯಜಮಾನ್ರು ಹಿಂಗೇ ಅಂಗಾತ ಮಲಗಿದ್ದೋರು ಮತ್ತೆ ಏಳ್ಲಿಲ್ಲ ಕಣ್ರಪ್ಪಾ" ಅಂದಳು, ಬೈಯದೆ. ಆಗಿನ್ನೂ 108 ಆಂಬುಲೆನ್ಸ್ ಬಂದಿರಲಿಲ್ಲ. ಪಕ್ಕದ ತೋಟದವರನ್ನು ಎಬ್ಬಿಸಿ, ಅವರ ಓಮ್ನಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ಬದುಕಿದ. ಆ ರಾತ್ರಿ ಅವನಿಗೆ ಒಂಚೂರೂ ನೆನಪಿಲ್ಲ. ಕುಡಿತ ಅಷ್ಟು ಜಾಸ್ತಿಯಾದರೆ ಮೆದುಳು ನಡೆದದ್ದನ್ನು ದಾಖಲಿಸುವುದನ್ನೇ ನಿಲ್ಲಿಸಿಬಿಡುತ್ತದೆ. ನಾವು ಹೇಳಿದ್ದಷ್ಟೇ ಅವನಿಗೆ ಗೊತ್ತು.

ಲೆಕ್ಕ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. 30 ಎಂಎಲ್ ಪೆಗ್ಗಿನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. ಕ್ವಾರ್ಟರ್ ಅಂದರೆ ಆರು ಪೆಗ್. 650 ಎಂಎಲ್‌ನ ಸ್ಟ್ರಾಂಗ್ ಬೀರ್, ಅದೇ 'ಬರೀ ಬೀರ್ ಅಷ್ಟೇ', 8 ಪರ್ಸೆಂಟಿನದಾದರೆ ನಾಲ್ಕು ಪೆಗ್ಗಿಗೆ ಸಮ. ಲಿವರ್ ಗಂಟೆಗೆ ಹೆಚ್ಚುಕಡಿಮೆ ಒಂದು ಪೆಗ್ ಕರಗಿಸುತ್ತದೆ. ಮಜ್ಜಿಗೆ, ಕಾಫಿ, ತಣ್ಣೀರು, ಯಾವುದರಿಂದಲೂ ಅದು ಬೇಗ ಆಗುವುದಿಲ್ಲ. ಮಲಗಿದ ಮೇಲೂ ಹೊಟ್ಟೆಯಲ್ಲಿರುವುದು ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಅಂದರೆ ನಾವು 'ಮಲಗಿದ, ಸದ್ಯ' ಅಂದುಕೊಂಡ ಹೊತ್ತಿನಲ್ಲಿ ಅವನ ಸ್ಥಿತಿ ಇನ್ನೂ ಕೆಡುತ್ತಿತ್ತು. ವಾಂತಿ ಗಂಟಲಿಗೆ ಬಂದರೆ ಕೆಮ್ಮುವ ಎಚ್ಚರವೂ ಇರುವುದಿಲ್ಲ, ಶ್ವಾಸನಾಳಕ್ಕೇ ಹೋಗುತ್ತದೆ. ಖಾಲಿ ಹೊಟ್ಟೆಯಲ್ಲಿ ಕುಡಿದ ಹುಡುಗರಿಗೆ ರಕ್ತದ ಸಕ್ಕರೆ ಇಳಿದು ಫಿಟ್ಸ್ ಬರುವುದೂ ಉಂಟು.

ಈಗ 90 ಎಂಎಲ್ ಟೆಟ್ರಾ ಪ್ಯಾಕ್ ಇದೆ, ಮೂರು ಪೆಗ್. ನೋಡಲು ಮಾವಿನಹಣ್ಣಿನ ಜ್ಯೂಸಿನ ಪ್ಯಾಕೆಟ್ಟಿನ ಥರಾನೇ ಇರುತ್ತದೆ, ಯೂನಿಫಾರ್ಮ್ ಜೇಬಿನಲ್ಲಿ ಆರಾಮಾಗಿ ಕೂರುತ್ತದೆ.

ಕಾನೂನು ಇಲ್ಲ ಅಂತಲ್ಲ. ನಮ್ಮ ರಾಜ್ಯದ ಲೈಸೆನ್ಸ್ ನಿಯಮದ ಪ್ರಕಾರ 21 ತುಂಬದವರಿಗೆ ಮಾರುವಂತಿಲ್ಲ. 2023ರ ಜನವರಿಯಲ್ಲಿ ಅದನ್ನು 18ಕ್ಕೆ ಇಳಿಸಲು ಸರ್ಕಾರ ಕರಡು ತಂದಿತ್ತು, ಜನ ವಿರೋಧಿಸಿದ ಮೇಲೆ ವಾಪಸ್ ತೆಗೆದುಕೊಂಡಿತು. 18ರ ಒಳಗಿನವರಿಗೆ ಕುಡಿಯಲು ಕೊಟ್ಟರೆ ಬಾಲನ್ಯಾಯ ಕಾಯ್ದೆಯಲ್ಲಿ 7 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಕೌಂಟರಿನಲ್ಲಿ ಮಾತ್ರ ಇವತ್ತಿಗೂ ಮೀಸೆಯೇ ಆಧಾರ್ ಕಾರ್ಡ್.

ಅಕ್ಕನ ಮಗನಿಗೆ ಇದನ್ನೆಲ್ಲ ಹೇಳಿದೆ. ಮೆದುಳು ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು, ಅಲ್ಲಿಯವರೆಗೆ ಅದಕ್ಕೆ ಎಣ್ಣೆ ಹೊಯ್ಯಬೇಡ ಅಂದೆ. ಆಕಳಿಸಿದ. ಅಜ್ಜಿಯ ವಿಷಯ ಹೇಳಿದಾಗ ಫೋನ್ ಕೆಳಗಿಟ್ಟ. ಆಗ ಹೇಳಿದೆ: ನೀನು ಕುಡಿಯಬಾರದು, ಅದರಲ್ಲಿ ಮಾತೇ ಇಲ್ಲ. ಆದರೆ ಅಲ್ಲಿ ಯಾರಾದರೂ ಬಿದ್ದು, ಅಲುಗಾಡಿಸಿದರೂ ಚಿವುಟಿದರೂ ಏಳದಿದ್ದರೆ, ಉಸಿರು ಬಿಟ್ಟುಬಿಟ್ಟು ಬಂದರೆ, ತುಟಿ ನೀಲಿಯಾದರೆ, ಮೈ ತಣ್ಣಗಾದರೆ, ಮಗ್ಗುಲಿಗೆ ತಿರುಗಿಸಿ 108ಕ್ಕೆ ಮಾಡು, ಆಮೇಲೆ ನನಗೆ. ಒಬ್ಬರು ಅವನ ಪಕ್ಕದಲ್ಲೇ ಇರಿ. ಕುಡಿದವನ ಬೈಕ್ ಮಾತ್ರ ಹತ್ತಬೇಡ, ರಾತ್ರಿ ಎರಡಾಗಲಿ ಮೂರಾಗಲಿ ನಾನೇ ಬರುತ್ತೇನೆ.

"ಅಮ್ಮಂಗೆ ಹೇಳ್ತೀರಾ?" ಅಂದ.

ಇದೇ ಪ್ರಶ್ನೆ ನಮ್ಮನ್ನು ಆ ಜಗಲಿಯಲ್ಲಿ ಒಂದೂವರೆ ಗಂಟೆ ಕೂರಿಸಿತ್ತು. "ಹೇಳ್ತೀನಿ. ಆದ್ರೆ ಬೆಳಗ್ಗೆ, ನಿನ್ನ ಪಕ್ಕದಲ್ಲಿ ಕೂತು" ಅಂದೆ. ಸ್ವಲ್ಪ ಹೊತ್ತು ಯೋಚಿಸಿ, ಆಗಲಿ ಅಂದ.

ಅಡುಗೆಮನೆಯಿಂದ ಅಕ್ಕ ಎಲ್ಲಾ ಕೇಳಿಸಿಕೊಂಡಿದ್ದಳು. ಗೊತ್ತಿಲ್ಲದವನಿಗೆ ನಾನೇ ದಾರಿ ತೋರಿಸುತ್ತಿದ್ದೇನಂತೆ. ಮೂರು ದಿನ ಆಯ್ತು, ಇನ್ನೂ ಮಾತಾಡಿಸಿಲ್ಲ.