‘ಮನೆಯಿಂದಲೇ ಕೆಲಸ ಮಾಡ್ತೀರಲ್ಲ, ಮಕ್ಕಳ ಮೊಬೈಲ್ ಹೇಗೆ ಸಂಭಾಳಿಸ್ತೀರಿ?’

ಈ ಪ್ರಶ್ನೆ ಮದುವೆಮನೆಯ ಊಟದ ಪಂಕ್ತಿಯಲ್ಲೂ ಬರುತ್ತದೆ, ಸ್ಕೂಲ್ ವ್ಯಾನಿಗೆ ಕಾಯುತ್ತಾ ನಿಂತಾಗಲೂ ಬರುತ್ತದೆ. ನಾನು ಮೈಸೂರಿನಲ್ಲಿ ಕೂತು ಬೆಂಗಳೂರಿನ ಕಂಪನಿಯೊಂದರ ಪೇರೋಲ್, ಅಂದರೆ ಸಂಬಳದ ಲೆಕ್ಕದ ಕೆಲಸ ಮಾಡುತ್ತೇನೆ. ಮಗ ಏಳನೇ ಕ್ಲಾಸು, ಮಗಳು ಒಂದನೇ ಕ್ಲಾಸು. ಕೇಳುವವರು ಹೆಚ್ಚಾಗಿ ನನ್ನಂಥ ತಾಯಂದಿರೇ. ಅವರ ದನಿಯಲ್ಲಿ ದಣಿವು ಕೇಳಿಸುತ್ತದೆ. ನಿಂತ ಜಾಗದಲ್ಲಿ ಎರಡು ಮಾತು ಹೇಳಿ ಕಳಿಸಿದರೆ ಅವರಿಗೆ ಸಾಲುವುದಿಲ್ಲ. ಅದಕ್ಕೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಚಿಕ್ಕ ಉತ್ತರ ಇದು. ನನಗೆ ಮೀಟಿಂಗ್ ಇರುವ ಹೊತ್ತಿಗೆ ಮಾತ್ರ ಮಕ್ಕಳ ಕೈಗೆ ಸ್ಕ್ರೀನ್ ಹೋಗುತ್ತದೆ. ಅದರಲ್ಲಿ ಓಡುವುದಕ್ಕೆ ಒಂದು ಕೊನೆ ಇರಬೇಕು. ಲಾಕು, ಪಾಸ್‌ವರ್ಡು ಎಲ್ಲ ಆಮೇಲಿನ ಮಾತು.

ಮೀಟಿಂಗ್ ಹೊತ್ತಿಗೇ ಯಾಕೆ? ನಮ್ಮ ದೇಶದ ಮಕ್ಕಳ ಡಾಕ್ಟರ್‌ಗಳ ಸಂಘ, ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಒಂದು ಅಳತೆ ಕೊಟ್ಟಿದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನೇ ಬೇಡ. 2ರಿಂದ 5 ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ, ಅದೂ ದೊಡ್ಡವರ ಕಣ್ಣಳತೆಯಲ್ಲಿ. 5ರಿಂದ 10 ವರ್ಷದವರಿಗೆ 2 ಗಂಟೆಗಿಂತ ಕಡಿಮೆ. ನನ್ನ ಮಗಳು ಬರುವುದು ಈ ಕೊನೆಯ ಗುಂಪಿಗೆ. ಅವಳಿಗೆ ಎರಡು ಗಂಟೆಯೊಳಗೆ, ನನ್ನ ಆಫೀಸು ದಿನಕ್ಕೆ ಒಂಬತ್ತು ಗಂಟೆ ಹೊತ್ತು. ಲೆಕ್ಕ ಕೂಡುವುದೇ ಇಲ್ಲ ಅಲ್ವಾ?

ಬಹಳ ಮನೆಗಳಲ್ಲಿ ಆ ಎರಡು ಗಂಟೆ ಬೇಡದ ಕಡೆಯೇ ಖರ್ಚಾಗಿ ಹೋಗುತ್ತದೆ. ಹಲ್ಲುಜ್ಜಿಸುವಾಗ ಒಂದಿಷ್ಟು, ತಿಂಡಿ ತಿನ್ನಿಸುವಾಗ ಒಂದಿಷ್ಟು, ಜಡೆ ಹಾಕುವಾಗ ಒಂದಿಷ್ಟು. ಸಂಜೆ ಮ್ಯಾನೇಜರ್ ಕಾಲ್ ಬರುವ ಹೊತ್ತಿಗೆ, ತಿಂಗಳ ಸಂಬಳ ಮೊದಲ ವಾರದಲ್ಲೇ ಮುಗಿದ ಹಾಗೆ, ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಆಗ ಬೇರೆ ದಾರಿಯಿಲ್ಲದೆ ಮತ್ತೆ ಫೋನ್ ಕೊಡುತ್ತೇವೆ. ಎರಡು ಗಂಟೆ ನಾಲ್ಕಾಗುತ್ತದೆ.

ನಮ್ಮ ಮನೆಯಲ್ಲಿ ಜಡೆ ಹಾಕುವಾಗ ಜಗಳ, ಮಾತು, ಕೂಗಾಟ ಎಲ್ಲ ಇರುತ್ತದೆ. ಇರಲಿ. ಫೋನ್ ಇರುವುದಿಲ್ಲ. ಮಕ್ಕಳು ಮನೆಗೆ ಬರುವುದು ಮೂರೂವರೆಗೆ, ನನ್ನ ಕಾಲ್‌ಗಳು ಶುರುವಾಗುವುದು ನಾಲ್ಕರ ಮೇಲೆ. ನನಗೆ ನಿಜಕ್ಕೂ ಸದ್ದಿಲ್ಲದ ಮನೆ ಬೇಕಾಗುವ ಅರ್ಧ ಗಂಟೆ, ಮುಕ್ಕಾಲು ಗಂಟೆ ಯಾವುದು ಅಂತ ಬೆಳಗ್ಗೆಯೇ ಕ್ಯಾಲೆಂಡರ್ ನೋಡಿ ಹೇಳಿಬಿಡುತ್ತೇನೆ. ‘ಇವತ್ತು ನಾಲ್ಕೂವರೆಗೆ ನಿನ್ನ ಕಾರ್ಟೂನು’ ಅಂದರೆ ಮಗಳಿಗೆ ಸಾಕು. ಮೊದಲೇ ಗೊತ್ತಿದ್ದರೆ ಅವಳು ನಡುವೆ ಬಂದು ಪೀಡಿಸುವುದು ಕಡಿಮೆ. ತಿಂಗಳ ಕೊನೆಯಲ್ಲಿ, ಸಂಬಳ ಹಾಕುವ ದಿನಗಳಲ್ಲಿ, ಈ ಹೊತ್ತು ಜಾಸ್ತಿಯಾಗುತ್ತದೆ. ಆಗ ಜಾಸ್ತಿ ಕೊಡುತ್ತೇನೆ. ಮುಂದಿನ ವಾರ ತಾನಾಗಿ ಇಳಿಯುತ್ತದೆ.

ಈಗ ಕೊನೆ ಇರುವುದು, ಇಲ್ಲದ್ದು. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ.

ಆರು ವರ್ಷದ ಮಗು ಯೂಟ್ಯೂಬಿನ ಚುಟುಕು ವಿಡಿಯೊ, ಅಂದರೆ ಶಾರ್ಟ್ಸ್ ನೋಡುವಾಗ ಅದರ ಹೆಬ್ಬೆರಳನ್ನು ಗಮನಿಸಿ. ಮೇಲೆ ತಳ್ಳುತ್ತದೆ, ಎರಡು ಸೆಕೆಂಡು ನಿಲ್ಲುತ್ತದೆ, ಮತ್ತೆ ತಳ್ಳುತ್ತದೆ. ಬೆಕ್ಕು ಬಂತು, ಕೇಕ್ ಬಂತು, ಯಾರೋ ಬಿದ್ದರು. ಮುಖದಲ್ಲಿ ನಗುವೂ ಇಲ್ಲ, ಬೇಜಾರೂ ಇಲ್ಲ. ಹೆಸರು ಕರೆದರೆ ‘ಹ್ಞೂಂ’ ಅನ್ನುತ್ತದೆ, ಕೇಳಿಸಿರುವುದಿಲ್ಲ. ಯೂಟ್ಯೂಬ್ ಈ ಶಾರ್ಟ್ಸ್ ಅನ್ನು 2020ರ ಸೆಪ್ಟೆಂಬರ್‌ನಲ್ಲಿ ಮೊದಲು ಪ್ರಯೋಗಕ್ಕೆ ಬಿಟ್ಟಿದ್ದೇ ಭಾರತದಲ್ಲಿ. ಮನೆಮನೆಯಲ್ಲೂ ಮಕ್ಕಳು ಒಳಗೇ ಇದ್ದ ಕಾಲ ಅದು. ಅಂಥ ಫೋನನ್ನು ಕಸಿದುಕೊಂಡರೆ ಮಗು ರಂಪ ಮಾಡುತ್ತದೆ, ನಾವು ಅದನ್ನು ಹಠಮಾರಿ ಅನ್ನುತ್ತೇವೆ. ಆದರೆ ಅದು ನೋಡುತ್ತಿದ್ದದ್ದು ಎಲ್ಲೂ ಮುಗಿಯುವುದೇ ಇಲ್ಲ. ಎಲ್ಲಿ ನಿಲ್ಲಿಸಬೇಕು ಅಂತ ಮಗುವಿಗೆ ತಿಳಿಯುವುದಾದರೂ ಹೇಗೆ?

ಅದೇ ಮಗುವಿಗೆ ಇಪ್ಪತ್ತು ನಿಮಿಷದ ಒಂದು ಕಥೆ ಹಾಕಿಕೊಡಿ. ಮೊಲ ಮನೆ ಸೇರುತ್ತದೆ, ಹಾಡು ಬರುತ್ತದೆ, ಹೆಸರುಗಳು ಓಡುತ್ತವೆ. ಮಗು ತಲೆ ಎತ್ತುತ್ತದೆ. ‘ಇನ್ನೊಂದು’ ಅಂತ ಕೇಳಬಹುದು, ಆದರೆ ಕೇಳುವುದಕ್ಕಾದರೂ ನಿಮ್ಮ ಕಡೆ ತಿರುಗುತ್ತದೆ. ಅಷ್ಟು ಸಿಕ್ಕರೆ ಉಳಿದದ್ದನ್ನು ನಾವು ನೋಡಿಕೊಳ್ಳಬಹುದು.

ಇದಕ್ಕೆ ನಾನು ಮಾಡುವುದು ತುಂಬಾ ಸರಳ. ಭಾನುವಾರ ಒಂದಿಷ್ಟು ಕಥೆ, ಪ್ರಾಣಿಗಳ ಕಾರ್ಯಕ್ರಮ, ಅವಳಿಗೆ ಇಷ್ಟವಾದ ಕಾರ್ಟೂನು ಹಳೇ ಟ್ಯಾಬ್‌ಗೆ ಡೌನ್‌ಲೋಡ್ ಮಾಡಿ ಇಡುತ್ತೇನೆ. ಕೊಡುವಾಗ ಏರೋಪ್ಲೇನ್ ಮೋಡ್ ಹಾಕಿ ಕೊಡುತ್ತೇನೆ. ನೆಟ್ಟೇ ಇಲ್ಲದ ಮೇಲೆ ಪಕ್ಕದ ಗಲ್ಲಿಗೆ ಹೋಗುವ ಪ್ರಶ್ನೆಯೇ ಇಲ್ಲ. ನೆಟ್ ಬೇಕೇ ಬೇಕು ಅನ್ನುವವರು ಯೂಟ್ಯೂಬ್ ಕಿಡ್ಸ್ ಹಾಕಿ, ನೀವೇ ಆರಿಸಿದ ವಿಡಿಯೊ ಮತ್ತು ಚಾನೆಲ್ ಮಾತ್ರ ತೋರಿಸುವ ಆಯ್ಕೆ ಅದರಲ್ಲಿದೆ. ಅದನ್ನು ಆರಿಸಿದರೆ ಮಗು ತಾನೇ ಹುಡುಕುವ ಸೌಲಭ್ಯವೂ ನಿಂತುಹೋಗುತ್ತದೆ. ಟೈಮರ್ ಕೂಡ ಆ್ಯಪಿನಲ್ಲೇ ಇದೆ. ಒಂದು ಮುಗಿದ ಕೂಡಲೇ ಇನ್ನೊಂದು ತಾನಾಗಿ ಶುರುವಾಗುವ ಆಟೋಪ್ಲೇ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಆಫ್ ಮಾಡಿ. ಒಂದೇ ಒಂದು ಕೆಲಸ ಮಾಡಲು ಪುರುಸೊತ್ತಿದೆ ಅಂದರೆ ಇದನ್ನೇ ಮಾಡಿ.

ಊಟದ ಹೊತ್ತಿನ ಫೋನ್ ಬಗ್ಗೆ ಅತ್ತೆಗೂ ನನಗೂ ಮೊದಲು ಒಮ್ಮತ ಇರಲಿಲ್ಲ. ‘ನಾಲ್ಕು ತುತ್ತು ಒಳಗೆ ಹೋದರೆ ಸಾಕು ಕಣಮ್ಮ’ ಅನ್ನುತ್ತಿದ್ದರು. ಈಗ ತಟ್ಟೆ ಮುಂದೆ ಫೋನ್ ಇಲ್ಲ ಅನ್ನುವುದು ಅವರದೇ ಕಾನೂನು, ಗಂಡಸರಿಗೂ ಅನ್ವಯಿಸುತ್ತದೆ. ಆದರೆ ಸಂಜೆ ಅತ್ತೆಯ ಧಾರಾವಾಹಿಗೆ ಮಕ್ಕಳು ಹೋಗಿ ಪಕ್ಕ ಕೂರುತ್ತಾರೆ. ಅದೂ ಸ್ಕ್ರೀನೇ. ನಾನು ಬೇಡ ಅನ್ನುವುದಿಲ್ಲ. ಮೂವರೂ ಸೇರಿ ಧಾರಾವಾಹಿಯ ಆ ಸೊಸೆ ಹಾಗೆ ಮಾಡಬಾರದಿತ್ತು ಅಂತ ಜೋರಾಗಿ ಚರ್ಚೆ ಮಾಡುತ್ತಾರೆ. ಮಾತಾಡಿಕೊಂಡು ನೋಡುವುದಕ್ಕೂ ಒಬ್ಬೊಬ್ಬರೇ ಮೂಲೆ ಹಿಡಿದು ನೋಡುವುದಕ್ಕೂ ಬಹಳ ವ್ಯತ್ಯಾಸ ಇದೆ.

ತುರ್ತಿನಲ್ಲಿ ನಿಮ್ಮ ಸ್ವಂತ ಫೋನನ್ನೇ ಕೊಡಬೇಕಾಗಿ ಬರುತ್ತದೆ. ಆಗ ಮೊದಲ ಚಿಂತೆ ಮಗು ಏನು ನೋಡುತ್ತದೆ ಅನ್ನುವುದಲ್ಲ, ಏನು ಒತ್ತುತ್ತದೆ ಅನ್ನುವುದು. ಆಂಡ್ರಾಯ್ಡ್ ಫೋನಿನ ಸೆಕ್ಯುರಿಟಿ ಸೆಟ್ಟಿಂಗ್‌ನಲ್ಲಿ ಆ್ಯಪ್ ಪಿನ್ನಿಂಗ್ ಅಂತ ಇರುತ್ತದೆ. ಅದನ್ನೂ ಅದರೊಳಗಿನ ಪಿನ್ ಕೇಳುವ ಆಯ್ಕೆಯನ್ನೂ ಆನ್ ಮಾಡಿ, ಆ್ಯಪನ್ನು ಪಿನ್ ಮಾಡಿ ಕೊಟ್ಟರೆ, ನೀವು ತೆರೆದುಕೊಟ್ಟ ಆ್ಯಪ್ ಬಿಟ್ಟು ಬೇರೆಡೆ ಹೋಗಲು ನಿಮ್ಮ ಪಿನ್ ಬೇಕು. ಐಫೋನಿನಲ್ಲಿ ಇದಕ್ಕೆ ಗೈಡೆಡ್ ಆ್ಯಕ್ಸೆಸ್ ಅನ್ನುತ್ತಾರೆ. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಇಡಿ. ಯುಪಿಐ ಲೈಟ್ ಬಳಸುತ್ತೀರಾದರೆ ಇನ್ನೂ ಹುಷಾರು, ಚಿಕ್ಕ ಮೊತ್ತಕ್ಕೆ ಅದು ಪಿನ್ ಕೇಳುವುದೇ ಇಲ್ಲ. ಆಫೀಸ್ ಲ್ಯಾಪ್‌ಟಾಪ್ ಮಾತ್ರ ಐದು ನಿಮಿಷಕ್ಕೂ ಕೊಡಬೇಡಿ. ಅದರಲ್ಲಿ ಬೇರೆಯವರ ಸಂಬಳದ ವಿವರ ಇದೆ, ಅದು ನನ್ನ ವಸ್ತುವೇ ಅಲ್ಲ ಅಂತ ನನ್ನ ಮಕ್ಕಳಿಗೆ ಹೇಳಿದ್ದೇನೆ. ಅವರಿಗೆ ಅರ್ಥವಾಗಿದೆ.

ಮಗನ ಕಥೆ ಬೇರೆ. ಹನ್ನೆರಡು ವರ್ಷದವನಿಗೆ ನೆಟ್ ಇಲ್ಲದೆ ಓದು ಸಾಗುವುದಿಲ್ಲ. ಹೋಂವರ್ಕ್ ಬರುವುದೇ ಕ್ಲಾಸಿನ ವಾಟ್ಸ್ಆ್ಯಪ್ ಗುಂಪಿಗೆ, ಪ್ರಾಜೆಕ್ಟಿಗೆ ಚಿತ್ರ ಹುಡುಕಬೇಕು, ಗಣಿತದ ಒಂದು ಲೆಕ್ಕ ತಿಳಿಯದಿದ್ದರೆ ವಿಡಿಯೊ ನೋಡಬೇಕು. ಅವನಿಗೆ ಹಾಲ್‌ನಲ್ಲಿ ಒಂದು ಕಂಪ್ಯೂಟರ್ ಇದೆ. ಅದರ ಪರದೆ ಅಡುಗೆಮನೆ ಕಡೆಗೆ ಮುಖ ಮಾಡಿದೆ. ಟ್ಯಾಬ್ ತೆಗೆದುಕೊಂಡರೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಇದೆ. ಯಾವ ಆ್ಯಪ್ ಎಷ್ಟು ಹೊತ್ತು, ರಾತ್ರಿ ಎಷ್ಟಕ್ಕೆ ಲಾಕ್, ಹೊಸ ಆ್ಯಪಿಗೆ ನನ್ನ ಒಪ್ಪಿಗೆ, ಎಲ್ಲ ನನ್ನ ಫೋನಿನಿಂದಲೇ ಆಗುತ್ತದೆ. ಮೀಟಿಂಗ್ ನಡುವೆ ಒಂದು ಬೆರಳಲ್ಲಿ ‘ಇನ್ನೂ ಹದಿನೈದು ನಿಮಿಷ’ ಕೊಡಬಹುದು, ಅದು ದೊಡ್ಡ ಅನುಕೂಲ.

ಆದರೆ ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅನ್ನುವ ವಯಸ್ಸು ಅವನದು. ಟ್ಯಾಬ್ ಲಾಕ್ ಆದರೆ ಟಿವಿಯಲ್ಲಿ ಯೂಟ್ಯೂಬ್. ಟಿವಿಗೆ ಪಿನ್ ಹಾಕಿದರೆ ಅಜ್ಜಿಯ ಫೋನು. ಅದಕ್ಕೆ ವೈಫೈ ರೂಟರಿನಲ್ಲೇ ಡಿಎನ್ಎಸ್ (ಸೈಟಿನ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಬದಲಿಸಿ, ಕ್ಲೌಡ್‌ಫ್ಲೇರ್ ಕಂಪನಿ ಮನೆಮಂದಿಗೆಂದು ಉಚಿತವಾಗಿ ಕೊಡುವ 1.1.1.3 ಹಾಕಿದ್ದೇನೆ. ಅಶ್ಲೀಲ ಸೈಟುಗಳು, ವೈರಸ್ ಹರಡುವ ಸೈಟುಗಳು ಮನೆಯ ಯಾವ ಫೋನಿನಲ್ಲೂ ಸುಲಭಕ್ಕೆ ತೆರೆಯುವುದಿಲ್ಲ. ಮೊಬೈಲ್ ಡೇಟಾ ಆನ್ ಮಾಡಿದರೆ ಇದು ಕೆಲಸಕ್ಕೆ ಬರುವುದಿಲ್ಲ, ಹಾಗಾಗಿ ಟ್ಯಾಬ್‌ಗೆ ಸಿಮ್ ಇಲ್ಲ. ರೂಟರಿನಲ್ಲಿ ಒಂದೊಂದು ಸಾಧನಕ್ಕೆ ಸಮಯ ಕಟ್ಟುವವರು ಒಂದು ವಿಷಯ ನೆನಪಿಡಿ. ಈಚಿನ ಆಂಡ್ರಾಯ್ಡ್‌ಗಳು ವೈಫೈಗೆ ತಮ್ಮ ನಿಜವಾದ ಮ್ಯಾಕ್ ವಿಳಾಸ, ಅಂದರೆ ರೂಟರ್ ಸಾಧನವನ್ನು ಗುರುತಿಸುವ ಸಂಖ್ಯೆ, ಕೊಡುವುದಿಲ್ಲ. ಮನೆಯ ವೈಫೈ ಸೆಟ್ಟಿಂಗ್‌ಗೆ ಹೋಗಿ ‘ಸಾಧನದ ಮ್ಯಾಕ್ ಬಳಸಿ’ ಅಂತ ಬದಲಿಸಿದರೆ ಗೊಂದಲ ಇರುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಅವನು ಇವತ್ತಲ್ಲ ನಾಳೆ ಏನನ್ನೋ ನೋಡಿಯೇ ನೋಡುತ್ತಾನೆ. ಸ್ಕೂಲಲ್ಲಿ, ಗೆಳೆಯನ ಮನೆಯಲ್ಲಿ, ಎಲ್ಲಾದರೂ. ಆಟದ ಚಾಟ್‌ನಲ್ಲಿ ಗುರುತಿಲ್ಲದ ಯಾರೋ ‘ನಿನ್ನ ನಂಬರ್ ಕೊಡು, ಡೈಮಂಡ್ ಕೊಡ್ತೀನಿ’ ಅನ್ನಬಹುದು. ಅದಕ್ಕೇ ನಮ್ಮಲ್ಲಿ ಎಲ್ಲ ಲಾಕಿಗಿಂತ ಮೇಲಿನ ಮಾತು ಒಂದಿದೆ. ನೆಟ್‌ನಲ್ಲಿ ಏನೇ ಆಗಲಿ, ನೀನೇ ತಪ್ಪು ಮಾಡಿದ್ದರೂ ಸರಿ, ಬಂದು ಹೇಳಿದರೆ ಟ್ಯಾಬ್ ಕಿತ್ತುಕೊಳ್ಳುವುದಿಲ್ಲ. ನಾನು ಮೀಟಿಂಗ್‌ನಲ್ಲಿದ್ದರೂ ಬಾಗಿಲು ತೆಗೆದು ಬರಬಹುದು. ಒಂದು ಸಲ ಹಾಗೆಯೇ ಬಂದ. ಮುಖ ಬಿಳಿಚಿಕೊಂಡಿತ್ತು. ಯಾರೋ ಅವನ ಫೋಟೊ ಕೇಳಿದ್ದರು. ನಾನು ಕ್ಯಾಮೆರಾ ಆಫ್ ಮಾಡಿ ಎದ್ದೆ. ಇಬ್ಬರೂ ಸೇರಿ ಆ ಖಾತೆಯನ್ನು ಬ್ಲಾಕ್ ಮಾಡಿದೆವು, ಸ್ಕ್ರೀನ್‌ಶಾಟ್ ಇಟ್ಟುಕೊಂಡೆವು, ರಿಪೋರ್ಟ್ ಕಳಿಸಿದೆವು. ಮಕ್ಕಳು ಹೇಳದೆ ಮುಚ್ಚಿಡುವುದು ಹೆಚ್ಚಾಗಿ ಬೈಗುಳಕ್ಕೆ, ಫೋನ್ ಹೋಗುತ್ತದೆ ಅನ್ನುವ ಭಯಕ್ಕೆ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಮಕ್ಕಳಿಗೇ ತೊಂದರೆಯಾದರೆ ಮಕ್ಕಳ ಸಹಾಯವಾಣಿ 1098. ಈ ಎರಡು ನಂಬರು ನಮ್ಮ ಫ್ರಿಜ್ ಮೇಲೆ ಅಂಟಿಸಿದ್ದೇವೆ.

ವಯಸ್ಸಿನ ಬಗ್ಗೆ ಸುಳ್ಳು ಹೇಳಿ ಖಾತೆ ಮಾಡಿಕೊಡುವುದನ್ನು ದಯವಿಟ್ಟು ಬಿಡಿ. ಇನ್‌ಸ್ಟಾಗ್ರಾಂ, ವಾಟ್ಸ್ಆ್ಯಪ್ ಎರಡಕ್ಕೂ ಕನಿಷ್ಠ ವಯಸ್ಸು 13. ಹತ್ತು ವರ್ಷದ ಮಗುವಿಗೆ ಅಪ್ಪನೇ ಹುಟ್ಟಿದ ವರ್ಷ ತಿದ್ದಿ ಖಾತೆ ತೆರೆದರೆ, ಹದಿಹರೆಯದವರಿಗೆ ಅಂತ ಕಂಪನಿ ಇಟ್ಟ ತಡೆಗಳೆಲ್ಲ ಆ ಮಗುವಿಗೆ ತಪ್ಪಿಹೋಗುತ್ತವೆ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳು ಅಂತಲೇ ನೋಡುತ್ತದೆ. ಅವರ ಮಾಹಿತಿ ಬಳಸಲು ಅಪ್ಪ ಅಮ್ಮನ ಒಪ್ಪಿಗೆ ಬೇಕು ಅನ್ನುತ್ತದೆ. ನಾವೇ ಮಗುವನ್ನು ದೊಡ್ಡವರ ಪಟ್ಟಿಗೆ ಸೇರಿಸಿದರೆ ಆ ರಕ್ಷಣೆ ಕೆಲಸ ಮಾಡುವುದು ಹೇಗೆ?

ಕೆಲವರು ಕೇಳುವಾಗಲೇ ಕಣ್ಣು ತುಂಬಿಕೊಳ್ಳುತ್ತಾರೆ. ಮಗ ಊಟ ಬಿಟ್ಟಿದ್ದಾನೆ, ರಾತ್ರಿಯೆಲ್ಲ ಆಟ, ಫೋನ್ ತೆಗೆದರೆ ಕೈ ಮಾಡುತ್ತಾನೆ ಅನ್ನುತ್ತಾರೆ. ಅಲ್ಲಿಗೆ ನನ್ನ ಕ್ಯಾಲೆಂಡರು, ಡೌನ್‌ಲೋಡು ಯಾವುದೂ ಸಾಲದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ಶಟ್ ಕ್ಲಿನಿಕ್ ಇದೆ. ಅಷ್ಟು ದೂರ ಹೋಗುವ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಮಾತಾಡಬಹುದು, ಕರೆ ಉಚಿತ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಈಗೀಗ ಮಗ ಕೇಳುವ ಪ್ರಶ್ನೆ ಬೇರೆ: ‘ಅಮ್ಮ, ನನಗೆ ನಂದೇ ಫೋನ್ ಯಾವಾಗ?’ ಟ್ಯೂಷನ್ನಿಗೆ ಸೈಕಲ್ಲಲ್ಲಿ ಒಬ್ಬನೇ ಹೋಗಲು ಶುರುಮಾಡಿದಾಗ ಕೀಪ್ಯಾಡ್ ಫೋನ್ ಕೊಡುತ್ತೇನೆ, ಸ್ಮಾರ್ಟ್‌ಫೋನ್ ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಅಂದಿದ್ದೇನೆ. ಅವನು ಒಂಬತ್ತನೇ ಕ್ಲಾಸಿಗೇ ಬೇಕು ಅನ್ನುತ್ತಿದ್ದಾನೆ. ಅವನ ಅಪ್ಪ ಅವನ ಪರ, ಅಜ್ಜಿ ನನ್ನ ಪರ. ಮಾತುಕತೆ ಇನ್ನೂ ನಡೆಯುತ್ತಿದೆ.