70 ದಾಟಿತೆಂದು ಮಾರಿದ ಷೇರು

ಮೊದಲ ವರ್ಷ ಆರ್‌ಎಸ್‌ಐ (ಬೆಲೆಯ ಏರಿಳಿತದ ಜೋರನ್ನು ಅಳೆಯುವ ಸೂಚಕ) 70 ದಾಟಿದ ದಿನವೇ, ಇನ್ನು ಬೆಲೆ ಬೀಳುತ್ತದೆ ಅಂದುಕೊಂಡು ಷೇರು ಮಾರಿಬಿಡುತ್ತಿದ್ದೆ. ಒಂದು ಬ್ಯಾಂಕಿನ ಷೇರನ್ನು ಹೀಗೇ ಕೈಬಿಟ್ಟೆ. ಆಮೇಲೆ ಮೂರು ವಾರ ಅದು ಏರುತ್ತಲೇ ಹೋಯಿತು, ಆರ್‌ಎಸ್‌ಐ 70ರ ಮೇಲೇ ಕೂತಿತ್ತು. ಎರಡು ರಾತ್ರಿ ನಿದ್ದೆ ಹತ್ತಲಿಲ್ಲ.

ಆಗ ನೋಟ್‌ಬುಕ್ ಹಿಡಿದು ಕೂತು ಆರ್‌ಎಸ್‌ಐ ಲೆಕ್ಕ ಬಿಡಿಸಿದೆ. 1978ರಲ್ಲಿ ವೆಲ್ಸ್ ವೈಲ್ಡರ್ ಕೊಟ್ಟ ಸೂತ್ರ ಅದು: 14 ದಿನಗಳ ಸರಾಸರಿ ಏರಿಕೆಯನ್ನು ಸರಾಸರಿ ಇಳಿಕೆಯಿಂದ ಭಾಗಿಸಿ, ಬಂದದ್ದನ್ನು 0ಯಿಂದ 100ರ ಅಳತೆಗೆ ತರುವುದು. ಏರಿಕೆ ಇಳಿಕೆಯ ಮೂರು ಪಟ್ಟಾದರೆ 75. ಅಂದರೆ ಬೆಲೆ ಜೋರಾಗಿ ಏರುತ್ತಿದೆ ಅಂತಷ್ಟೇ ಅರ್ಥ. ನಾಳೆ ಬೀಳುತ್ತದೆ ಅಂತ ಆ ಲೆಕ್ಕದಲ್ಲಿ ಎಲ್ಲೂ ಇಲ್ಲ!

ಈಗ ಮೂರೂವರೆಗೆ ಮಾರುಕಟ್ಟೆ ಮುಚ್ಚಿದ ಮೇಲೆಯೇ ಚಾರ್ಟ್ ತೆರೆಯುತ್ತೇನೆ (ನಡುವೆ ನೋಡಿದರೆ ಅಂದಿನ ಅಂಕಿ ಕುಣಿಯುತ್ತಲೇ ಇರುತ್ತದೆ). ಬೆಲೆ 200 ದಿನಗಳ ಸರಾಸರಿಯ ಮೇಲಿರಬೇಕು. ಆರ್‌ಎಸ್‌ಐ 40ರ ಹತ್ತಿರ ಇಳಿದು ಮತ್ತೆ 50 ದಾಟಿದರೆ ಕೊಳ್ಳುತ್ತೇನೆ. ಆ ಇಳಿತದ ತಳದ ಕೆಳಗೆ ಸ್ಟಾಪ್‌ಲಾಸ್ (ಬೆಲೆ ಅಲ್ಲಿಗೆ ಬಿದ್ದರೆ ತಾನಾಗಿ ಮಾರುವ ಆದೇಶ). 70 ದಾಟಿದರೆ ಮಾರುವುದಿಲ್ಲ, ಸ್ಟಾಪ್‌ಲಾಸನ್ನು ಮೇಲಕ್ಕೆ ಸರಿಸುತ್ತೇನೆ. ತಿಂಗಳುಗಟ್ಟಲೆ ಅಲ್ಲಲ್ಲೇ ಆಡುವ ಷೇರುಗಳಿಗೆ ಮಾತ್ರ ಹಳೆಯ 30–70 ಲೆಕ್ಕವನ್ನೇ (30ರ ಕೆಳಗೆ ಕೊಳ್ಳು, 70ರ ಮೇಲೆ ಮಾರು) ಇಟ್ಟುಕೊಂಡಿದ್ದೇನೆ.