ಮಡಕೆ ಚೂರಿನ ಪಕ್ಕದ ಮನೆ

ನಾಲ್ಕು ಮೀನು ತಂದಿದ್ದೆ. ಹದಿನೈದು ದಿನದಲ್ಲಿ ಒಂದು ಸತ್ತುಹೋಯಿತು. ಇನ್ನೊಂದು ಫಿಲ್ಟರ್ ಪೈಪಿನ ಹಿಂದೆ ಸೇರಿಕೊಂಡು ಅಲ್ಲಾಡದೆ ನಿಂತಿತ್ತು. ಅದರ ಬಾಲ ಹರಿದು ಹಳೇ ಪೊರಕೆ ಥರ ಆಗಿತ್ತು. ಉಳಿದ ಎರಡು ಮಾತ್ರ ಟ್ಯಾಂಕ್ ತುಂಬ ಆರಾಮಾಗಿ ಓಡಾಡಿಕೊಂಡಿದ್ದವು.

ಹೆಸರು ಆರೆಂಜ್ ಕ್ರೋಮೈಡ್. ಅಂಗೈಯಲ್ಲಿ ಕೂರುವಷ್ಟು ಚಿಕ್ಕ ಮೀನು, ಎಂಟು ಸೆಂಟಿಮೀಟರ್ ಬೆಳೆದರೆ ಜಾಸ್ತಿ. ಮೈಯೆಲ್ಲ ಅರಿಸಿನ, ಕಿತ್ತಳೆ. ಪಕ್ಕೆಯ ಮೇಲೊಂದು ಕಪ್ಪು ಚುಕ್ಕೆ. ಇದು ಸಿಕ್ಲಿಡ್ ಅನ್ನೋ ಮೀನಿನ ಕುಟುಂಬದ್ದು. ಸಿಕ್ಲಿಡ್ ಅಂದರೆ ನಮಗೆಲ್ಲ ಅಂಗಡಿ ಟ್ಯಾಂಕಿನ ಆಸ್ಕರ್, ಫ್ಲವರ್‌ಹಾರ್ನ್ ನೆನಪಾಗುತ್ತವೆ, ಅಲ್ವಾ? ಆದರೆ ನಮ್ಮ ದೇಶದ್ದೇ ಸಿಕ್ಲಿಡ್‌ಗಳೂ ಇವೆ, ಮೂರೇ ಮೂರು. ಇದು ಒಂದು. ಕೇರಳದವರು ಇಷ್ಟಪಟ್ಟು ತಿನ್ನುವ ಕರಿಮೀನು ಇನ್ನೊಂದು. ಮೂರನೆಯದು ದಕ್ಷಿಣ ಕನ್ನಡದ ಹೊಳೆಗಳ ಎಟ್ರೋಪ್ಲಸ್ ಕೆನರೆನ್ಸಿಸ್. ಅದರ ಹೆಸರಲ್ಲೇ ಕೆನರಾ ಇದೆ. ಕುಂದಾಪುರದಲ್ಲಿರುವ ಅಮ್ಮನಿಗೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ್ದಕ್ಕೆ ತಕ್ಷಣ ಫೋನ್ ಬಂತು. "ಇದ್ ಹೊಳಿ ಮೀನ್ ಅಲ್ದಾ ಮಗಾ? ಇದ್ಕ್ ದುಡ್ಡ್ ಕೊಟ್ಯಾ?"

ಅಂಗಡಿಯವರು "ಶಾಂತ ಮೀನು ಸಾರ್" ಅಂದಿದ್ದರು. ಅದು ಅರ್ಧ ನಿಜ. ಗುಂಪಿನಲ್ಲಿದ್ದಾಗ ಇವು ನಿಜಕ್ಕೂ ಸಾಧು. ಜೋಡಿ ಕಟ್ಟಿದ ದಿನದಿಂದ ಲೆಕ್ಕವೇ ಬೇರೆ. ಮೊಟ್ಟೆ ಇಡೋಕೆ ಒಂದು ಜಾಗ ಹಿಡಿದವು ಅಂದರೆ ಅದರ ಸುತ್ತ ಒಂದು ಗಡಿ ಎಳೆದುಬಿಡುತ್ತವೆ. ಹೊಳೆಯಲ್ಲಾದರೆ ಸೋತ ಮೀನು ಹತ್ತಡಿ ದೂರ ಹೋಗಿ ಬದುಕಿಕೊಳ್ಳುತ್ತೆ. ನನ್ನ ಎರಡಡಿ ಟ್ಯಾಂಕಿನಲ್ಲಿ ಓಡಿಹೋಗೋಕೆ ಜಾಗವೇ ಇರಲಿಲ್ಲ. ಸತ್ತ ಮೀನಿನ ವಿಷಯದಲ್ಲಿ ನನಗೆ ಇವತ್ತಿಗೂ ಬೇಸರವಿದೆ.

ಗಾಯವಾಗಿದ್ದನ್ನು ಹಳೇ ಟ್ಯಾಂಕಿನಲ್ಲೇ ಬಿಟ್ಟು, ಜೋಡಿಗೆ ಮೂರಡಿಯದ್ದು ತಂದೆ. ಮೂರಡಿ ಉದ್ದ, ಒಂದಡಿ ಅಗಲ, ಒಂದೂವರೆ ಅಡಿ ಎತ್ತರ, ಸುಮಾರು 127 ಲೀಟರ್ ನೀರು. ಒಂದು ತಿಂಗಳಲ್ಲಿ ಹರಿದ ಬಾಲವೂ ಬೆಳೆಯಿತು. ನೀವು ತರೋದಾದರೆ ಒಂದು ಜೋಡಿ ಮಾತ್ರ ಇಡಿ. ಇಲ್ಲಾಂದ್ರೆ ದೊಡ್ಡ ಟ್ಯಾಂಕಿನಲ್ಲಿ ಆರೆಂಟು ಮೀನು ಒಟ್ಟಿಗೆ ಬಿಡಿ. ಆಗ ಯಾವುದೋ ಒಂದೇ ಮೀನು ಎಲ್ಲ ಏಟು ತಿನ್ನೋದು ತಪ್ಪುತ್ತೆ. ಮೂರು, ನಾಲ್ಕು ಮಾತ್ರ ಬೇಡವೇ ಬೇಡ.

ನೀರಿನ ವಿಷಯದಲ್ಲಿ ನನಗೆ ಅದೃಷ್ಟವಿತ್ತು. ಬೆಂಗಳೂರಿನ ನಮ್ಮ ಏರಿಯಾದಲ್ಲಿ ಬೋರ್‌ವೆಲ್ ನೀರು. ಬಕೆಟ್ಟು, ನಲ್ಲಿ, ಗೀಸರ್ ಎಲ್ಲ ಬಿಳಿ ಕಟ್ಟಿ ಹಾಳಾಗಿವೆ. ಅದೇ ಗಡಸು ನೀರು ಇವಕ್ಕೆ ಹಿತ. ಅಳಿವೆಯ ಚಪ್ಪೆ ಉಪ್ಪುನೀರಿನಲ್ಲೂ ಸಿಹಿನೀರಿನಲ್ಲೂ ಇರುವ ಮೀನು ಇದು. ಮೆದು ನೀರಲ್ಲಿ ಬೇಗ ಫಂಗಸ್ ಹಿಡಿಯುತ್ತೆ. ನಾನು ಹತ್ತು ಲೀಟರ್‌ಗೆ ಒಂದು ಟೀ ಚಮಚದಷ್ಟು ಅಯೋಡಿನ್ ಇಲ್ಲದ ಹರಳುಪ್ಪು ಹಾಕ್ತೀನಿ. ಪ್ರತಿ ಭಾನುವಾರ ಕಾಲು ಭಾಗ ನೀರು ಬದಲಾಯಿಸ್ತೀನಿ, ಆಗ ತೆಗೆದ ನೀರಿನ ಲೆಕ್ಕಕ್ಕಷ್ಟೇ ಉಪ್ಪು. ಡಿಸೆಂಬರ್ ಚಳಿಗೆ ಹೀಟರ್ ಇಟ್ಟು 27 ಡಿಗ್ರಿಗೆ ನಿಲ್ಲಿಸಿದ್ದೀನಿ.

ಒಂದು ಮೂಲೆಯಲ್ಲಿ ಒಡೆದ ಮಡಕೆಯ ಚೂರು ಓರೆಯಾಗಿ ಇಟ್ಟಿದ್ದೆ. ಎರಡೂ ಸೇರಿ ಎರಡು ದಿನ ಅದನ್ನು ಬಾಯಲ್ಲಿ ಉಜ್ಜಿದವು. ಬಣ್ಣ ಏರಿತು. ಹೊಟ್ಟೆಯ ಕೆಳಗೆ ಮಸಿ ಬಳಿದ ಹಾಗೆ ಕಪ್ಪಾಯಿತು. ಮೂರನೇ ದಿನ ಸಂಜೆ ಆಫೀಸಿಂದ ಬಂದು ನೋಡ್ತೀನಿ, ಚೂರಿನ ಒಳಮೈ ತುಂಬ ಸಾಸಿವೆಗಿಂತ ಚಿಕ್ಕ ಮೊಟ್ಟೆ. ಟಾರ್ಚ್ ಹಿಡಿದು ಹತ್ತಿರದಿಂದ ನೋಡಿದೆ. ಒಂದೊಂದು ಮೊಟ್ಟೆಯೂ ಕೂದಲೆಳೆಯಂಥ ತೊಟ್ಟಿನಲ್ಲಿ ಅಂಟಿಕೊಂಡಿತ್ತು. ತಾಯಿ ಈಜುರೆಕ್ಕೆ ಬೀಸಿ ನೀರು ಹಾಯಿಸಿದಾಗ ಎಲ್ಲ ಒಟ್ಟಿಗೆ ತೂಗುತ್ತಿದ್ದವು. ಅದು ದಣಿದರೆ ಅಪ್ಪ ಬರುತ್ತಿತ್ತು. ಗಾಜು ಒರೆಸೋಕೆ ಕೈ ಹಾಕಿದೆ, ಬೆರಳ ಗಿಣ್ಣಿಗೆ ಬಂದು ಕುಟ್ಟಿತು. ಕೈಯನ್ನು ಚೂರಿನಿಂದ ಒಂದು ಗೇಣು ಆಚೆ ಸರಿಸಿದೆ, ಸುಮ್ಮನಾಯಿತು. ಮತ್ತೆ ಈಚೆ ತಂದೆ, ಮತ್ತೆ ಕುಟ್ಟಿತು. ಗಡಿ ಎಲ್ಲಿದೆ ಅಂತ ನನಗೆ ಆವತ್ತು ಸರಿಯಾಗಿ ಗೊತ್ತಾಯಿತು. ಪಕ್ಕದ ಗಾಜಿನಲ್ಲಿ ಕಂಡ ತನ್ನ ನೆರಳನ್ನೂ ಅಪ್ಪ ಅಟ್ಟಿಸಿಕೊಂಡು ಹೋಗುತ್ತಿತ್ತು. ಅದಕ್ಕೆ ಹೊರಗಡೆಯಿಂದ ಕಪ್ಪು ಚಾರ್ಟ್ ಪೇಪರ್ ಅಂಟಿಸಿದೆ. ಮೊಟ್ಟೆ ಇಟ್ಟು ಮರಿ ಈಜುವ ತನಕ ಮಡಕೆಯ ಕಡೆ ಗಾಜು ಒರೆಸೋದೇ ಬಿಟ್ಟೆ, ಪಾಚಿ ಕಟ್ಟಿದರೆ ಕಟ್ಟಲಿ ಅಂತ.

ಐದನೇ ದಿನ ಮೊಟ್ಟೆ ಒಡೆದವು. ಮರಿಗಳನ್ನು ಬಾಯಲ್ಲಿ ಎತ್ತಿ ಮರಳಿನಲ್ಲಿ ತೋಡಿದ ಗುಂಡಿಗೆ ಸಾಗಿಸಿದವು. ಇನ್ನೊಂದು ವಾರದಲ್ಲಿ ಅವು ಈಜತೊಡಗಿದಾಗ ನಾನು ಊಟದ ತಟ್ಟೆ ಹಿಡಿದುಕೊಂಡೇ ಟ್ಯಾಂಕಿನ ಮುಂದೆ ಕೂತಿದ್ದೆ. ಮರಿಗಳು ಒಂದೊಂದಾಗಿ ಬಂದು ಅಪ್ಪ ಅಮ್ಮನ ಪಕ್ಕೆಗೆ ಬಾಯಿ ತಾಗಿಸಿ ಹಾರಿಹೋಗುತ್ತಿದ್ದವು. ಮೈಮೇಲಿನ ಲೋಳೆಯನ್ನು ತಿನ್ನುತ್ತಿದ್ದವು. ಹಾಲು ಕುಡಿಸಿದ ಹಾಗೇ ಅನ್ನಿಸಿತು. ಅಷ್ಟು ಜಗಳಗಂಟ ಮೀನು ಆಗ ಒಂದಿಷ್ಟೂ ಅಲುಗದೆ ನಿಂತಿರುತ್ತೆ. ಜೊತೆಗೆ ನಾನು ದಿನಕ್ಕೆ ಮೂರು ಸಲ ಮೊಟ್ಟೆಯಿಂದ ಆಗ ತಾನೇ ಹೊರಬಂದ ಆರ್ಟೀಮಿಯಾ (ಸಿಗಡಿ ಜಾತಿಯ ಪುಟ್ಟ ಜೀವಿ) ಮರಿ ಕೊಟ್ಟೆ. ಮರಿಗಳನ್ನು ಎಳೆದುಕೊಳ್ಳುತ್ತೆ ಅಂತ ಪವರ್ ಫಿಲ್ಟರ್ ತೆಗೆದು ಸ್ಪಾಂಜ್ ಫಿಲ್ಟರ್ ಹಾಕಿದೆ.

ಈಗ ಮೂವತ್ತು ಚಿಲ್ಲರೆ ಮರಿ ಉಗುರಿನಷ್ಟು ದೊಡ್ಡವಾಗಿವೆ. ನಿನ್ನೆಯಿಂದ ಗಂಡ ಹೆಂಡತಿ ಮತ್ತೆ ಮಡಕೆ ಚೂರು ಉಜ್ಜುತ್ತಿವೆ. ಹತ್ತಿರ ಬಂದ ಸ್ವಂತ ಮರಿಯನ್ನೇ ಅಪ್ಪ ಬೆಳಿಗ್ಗೆ ಅಟ್ಟಿಸಿಕೊಂಡು ಹೋಯಿತು. ಮರಿಗಳಿಗೆ ಅಂತ ನಾಲ್ಕಡಿ ಟ್ಯಾಂಕಿಗೆ ಹೇಳಿದ್ದೀನಿ, ಶನಿವಾರ ಬರುತ್ತೆ.